ರಮಾಯಿಯ ಬಳೆ, ನಮ್ಮವ್ವನ ದೀಪ

ಇವತ್ತು ಮೇ 27. ತಾಯಿ ರಮಾಬಾಯಿ ಅಂಬೇಡ್ಕರ್ ಅವರ ಸ್ಮೃತಿ ದಿನ. ಇಂದಿನ ಧಮ್ಮ ಚಿಂತನೆ ಬರೆಯುವ ಸರದಿ ನನ್ನದು. ದಿನನಿತ್ಯದ ಬದುಕಿನಲ್ಲಿ ಮನಶ್ಶಾಂತಿ ಎಂಬ ವಿಷಯವನ್ನು ಬಳಗದವರು ಕೊಟ್ಟಿದ್ದಾರೆ. ಎಂದಿನ ಚಿಂತನೆಗಿಂತ ಇದು ಉದ್ದವಾಗಿದೆ, ಕ್ಷಮಿಸಿ. ಬೆಳಗಿನ ಕೆಲಸ ಮುಗಿಸಿ ಟೀ ಕುಡಿಯುತ್ತಾ ಕೂತಾಗ ಓದಿ.

ಶಾಂತಿಯ ಬಗ್ಗೆ ಬರೆಯಲು ನನಗೆ ಯೋಗ್ಯತೆ ಇದೆಯೇ ಎಂಬ ಅನುಮಾನ ನನಗೇ ಇದೆ. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ದೀಕ್ಷೆ ತೆಗೆದುಕೊಂಡ ಮೇಲೆ ಒಂದು ಬೇಸಿಗೆ ರಜೆಯಲ್ಲಿ ಹತ್ತು ದಿನದ ಧ್ಯಾನ ಶಿಬಿರಕ್ಕೆ ಹೋಗಿದ್ದೆ. ಹತ್ತು ದಿನ ಮೌನ. ಉಸಿರು ಬರುವುದನ್ನೂ ಹೋಗುವುದನ್ನೂ ನೋಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಕೊನೆಯ ದಿನ ಗೆಜ್ಜಲಗೆರೆಯಲ್ಲಿ ಬಸ್ಸಿಳಿದು ಮನೆ ಕಡೆ ನಡೆಯುವಾಗ ಹೆದ್ದಾರಿಯ ಲಾರಿಗಳ ಸದ್ದು ಕೂಡ ನನ್ನನ್ನು ತಾಗುತ್ತಿಲ್ಲ ಅನ್ನಿಸಿತ್ತು. ನಾನು ಬದಲಾಗಿದ್ದೇನೆ ಎಂದು ಒಳಗೊಳಗೇ ಹಿಗ್ಗಿದ್ದೆ.

ಮನೆ ಬಾಗಿಲಿಗೆ ಬಂದರೆ ಕರ್ಪೂರದ ವಾಸನೆ. ಅಡುಗೆ ಮನೆಯ ಮೂಲೆಯಲ್ಲಿ ಅವ್ವ ಮಾದಪ್ಪನ ಫೋಟೊ ಮುಂದೆ ದೀಪ ಹಚ್ಚಿಟ್ಟು ಕೈ ಮುಗಿದು ನಿಂತಿದ್ದಳು. ಅಷ್ಟೇ. ಹತ್ತು ದಿನದ ಶಾಂತಿ ಹತ್ತು ನಿಮಿಷ ಉಳಿಯಲಿಲ್ಲ. ಕೂಗಾಡಿದೆ. ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳನ್ನು ಅವ್ವನ ಮುಂದೆ ಗಟ್ಟಿಯಾಗಿ ಓದಿದೆ. ಮಾದಪ್ಪನ ಫೋಟೊ, ಮಾರಮ್ಮನ ಫೋಟೊ, ಆ ದೀಪ ಮೂರನ್ನೂ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಅವ್ವ ಎದುರು ಮಾತಾಡಲಿಲ್ಲ. ಹಾಲಿನ ಕ್ಯಾನು ಎತ್ತಿಕೊಂಡು ಡೇರಿಗೆ ಹೋದಳು. ಅವತ್ತಿನಿಂದ ನನ್ನ ಜೊತೆ ಮಾತು ಕಡಿಮೆಯಾಯಿತು. ಊಟಕ್ಕೆ ಕರೆಯುವುದು, ಹಸುವಿಗೆ ಮೇವು ಇಲ್ಲ ಅನ್ನುವುದು, ಅಷ್ಟೇ.

ಈ ಗಂಟನ್ನು ಬಿಡಿಸಿದ್ದು ಯಾವ ಶಿಬಿರವೂ ಅಲ್ಲ, ರಮಾಬಾಯಿಯವರ ಬದುಕು. ಹೋದ ವರ್ಷ ಇದೇ ದಿನ ಬಳಗದಲ್ಲಿ ಅವರ ಬಗ್ಗೆ ಮಾತಾಡಬೇಕಿತ್ತು. ಹಿಂದಿನ ರಾತ್ರಿ ಜಗಲಿಯಲ್ಲಿ ಕೂತು ಟಿಪ್ಪಣಿ ಮಾಡುತ್ತಿದ್ದೆ. ಸೊಪ್ಪು ಬಿಡಿಸುತ್ತಾ ಕೂತಿದ್ದ ಅವ್ವ, ಅಷ್ಟೊಂದು ಏನು ಬರೆಯುತ್ತಿದ್ದೀಯ ಎಂದು ಕೇಳಿದಳು. ಬಹಳ ದಿನದ ಮೇಲೆ ತಾನಾಗಿ ಕೇಳಿದ ಪ್ರಶ್ನೆ. ಬಾಬಾಸಾಹೇಬರ ಹೆಂಡತಿಯ ಕಥೆ ಅಂದೆ. ಹೇಳು ಅಂದಳು. ಅವತ್ತು ಅವಳಿಗೆ ಹೇಳಿದ ಹಾಗೆಯೇ ಇವತ್ತು ನಿಮಗೂ ಹೇಳುತ್ತೇನೆ.

ರಮಾಬಾಯಿ ಹುಟ್ಟಿದ್ದು 1898ರ ಫೆಬ್ರವರಿ 7ರಂದು, ಕೊಂಕಣದ ದಾಪೋಲಿ ಹತ್ತಿರದ ವಣಂದ ಎಂಬ ಹಳ್ಳಿಯಲ್ಲಿ. ತಂದೆ ಭಿಕು ಧೋತ್ರೆ. ದಾಭೋಳ ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತು ಸಂಸಾರ ಸಾಕುತ್ತಿದ್ದವರು. ತಾಯಿ ರುಕ್ಮಿಣಿ. ಮೊದಲು ತಾಯಿ ಹೋದರು, ಆಮೇಲೆ ತಂದೆಯೂ ಹೋದರು. ತಬ್ಬಲಿ ಮಕ್ಕಳನ್ನು ಸಂಬಂಧಿಕರು ಮುಂಬೈಗೆ ಕರೆದುಕೊಂಡು ಬಂದು ಬೈಕಲಾದಲ್ಲಿ ಸಾಕಿದರು.

ನಿವೃತ್ತ ಸುಬೇದಾರ್ ರಾಮಜಿ ಸಕ್ಪಾಲರು ತಮ್ಮ ಕಿರಿಯ ಮಗ ಭೀಮನಿಗೆ ಈ ಹುಡುಗಿಯನ್ನು ತಂದುಕೊಂಡರು. 1906ರ ಸುಮಾರು. ಭೀಮ ಇನ್ನೂ ಓದುವ ಹುಡುಗ. ರಮಾಗೆ ಒಂಬತ್ತರ ಆಸುಪಾಸು. ಮದುವೆ ನಡೆದದ್ದು ಬೈಕಲಾದ ಮಾರುಕಟ್ಟೆಯಲ್ಲಿ. ಹಗಲಿನ ವ್ಯಾಪಾರ ಮುಗಿದು, ಮೀನು ಮಾರುವವರು ಎದ್ದು ಹೋದ ಮೇಲೆ, ರಾತ್ರಿ ಅದೇ ಜಾಗ ಮದುವೆ ಚಪ್ಪರವಾಯಿತು. ಒಂದು ಮೂಲೆಯಲ್ಲಿ ಗಂಡಿನ ಕಡೆಯವರು, ಇನ್ನೊಂದು ಮೂಲೆಯಲ್ಲಿ ಹೆಣ್ಣಿನ ಕಡೆಯವರು. ಕೂರಲು ಮಾರುಕಟ್ಟೆಯ ಕಲ್ಲುಕಟ್ಟೆಗಳು. ಕಾಲ ಕೆಳಗೆ ಚರಂಡಿಯ ನೀರು. ಬೆಳಕು ಹರಿಯುವ ಮುಂಚೆ ಜಾಗ ಬಿಟ್ಟುಕೊಡಬೇಕಿತ್ತು, ಮತ್ತೆ ಮೀನು ಬರುತ್ತದಲ್ಲ.

ಇಲ್ಲಿಗೆ ಬಂದಾಗ ಅವ್ವ ಸೊಪ್ಪಿನ ಮೇಲಿದ್ದ ಕಣ್ಣನ್ನು ಎತ್ತಿ ನನ್ನನ್ನು ನೋಡಿದಳು. ತನ್ನ ಮದುವೆಯೂ ಇನ್ನೊಬ್ಬರ ಕಣದಲ್ಲಿ, ರಾಗಿ ಬಡಿದು ತೆಗೆದ ಮಾರನೆಯ ದಿನ ಆಗಿದ್ದು ಅಂದಳು. ಅದು ನನಗೆ ಗೊತ್ತೇ ಇರಲಿಲ್ಲ.

1912ರ ಡಿಸೆಂಬರಿನಲ್ಲಿ ಮೊದಲ ಮಗ ಯಶವಂತ ಹುಟ್ಟಿದ. ಎರಡು ತಿಂಗಳೂ ಕಳೆಯಲಿಲ್ಲ, 1913ರ ಫೆಬ್ರವರಿಯಲ್ಲಿ ಮಾವ ರಾಮಜಿ ತೀರಿಕೊಂಡರು. ಅದೇ ವರ್ಷ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಭೀಮರಾಯರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೊರಟರು. ಅಲ್ಲಿಂದ ಲಂಡನ್. ಮರಳಿ ಬಂದದ್ದು 1917ರಲ್ಲಿ. 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು, 1923ರಲ್ಲಿ ಬಂದರು. ಕೂಡಿಸಿ ನೋಡಿ, ಸುಮಾರು ಏಳು ವರ್ಷ. ಅವರು ಅಲ್ಲಿ ಗ್ರಂಥಾಲಯ ತೆರೆಯುವ ಮುಂಚೆ ಬಾಗಿಲಲ್ಲಿ ನಿಂತು, ಅರೆಹೊಟ್ಟೆಯಲ್ಲಿ ಓದಿದ್ದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದೇ ಏಳು ವರ್ಷ ಮುಂಬೈಯಲ್ಲಿ ಒಲೆ ಹೊತ್ತಿಸಿದವರ ಬಗ್ಗೆ ಎರಡು ವಾಕ್ಯ ಹೇಳಿ ಮುಂದೆ ಹೋಗುತ್ತೇವೆ. ನಾನೂ ಹಾಗೇ ಮಾಡುತ್ತಿದ್ದೆ.

ಆ ಮನೆ ಪರೇಲಿನ ಚಾಳಿನ ಎರಡು ಕೋಣೆ. ಗಿರಣಿ ಕಾರ್ಮಿಕರ ನೆರೆಹೊರೆ. ಆ ಎರಡು ಕೋಣೆಯಲ್ಲಿ ರಮಾಬಾಯಿ, ಮಕ್ಕಳು, ಭೀಮರಾಯರ ಅಣ್ಣನ ಹೆಂಡತಿ ಲಕ್ಷ್ಮೀಬಾಯಿ, ಅವರ ಮಗ ಮುಕುಂದ. ವಾರಗಿತ್ತಿಯರಿಬ್ಬರೂ ಸೇರಿ ಸಂಸಾರ ತೂಗಿಸಿದರು. ಸಗಣಿ ಆಯ್ದು ತಂದು ಬೆರಣಿ ತಟ್ಟಿದರು ಎಂದು ನಮ್ಮವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ವಿದೇಶದಲ್ಲಿ ಓದುವವರ ಹೆಂಡತಿ ಬೆರಣಿ ತಟ್ಟುತ್ತಾಳೆ ಎಂದು ಜನ ಆಡಿಕೊಳ್ಳಬಾರದು, ಅದಕ್ಕಾಗಿ ಕತ್ತಲಲ್ಲಿ ಹೋಗಿ ಬರುತ್ತಿದ್ದರಂತೆ. ಭೀಮರಾಯರನ್ನು ಸನ್ಮಾನಿಸುವ ಸಭೆಯೊಂದಕ್ಕೆ ಹೋಗಲು ಹರಿಯದ ಒಂದು ಸೀರೆಯೂ ಇರಲಿಲ್ಲ, ಶಾಹು ಮಹಾರಾಜರು ಕೊಟ್ಟಿದ್ದ ರುಮಾಲಿನ ಬಟ್ಟೆಯನ್ನೇ ಉಟ್ಟು ಹೋದರು ಎಂಬ ಕಥೆಯೂ ನಮ್ಮ ಜನರಲ್ಲಿದೆ.

ಬಡತನವನ್ನು ಸಹಿಸಬಹುದು. ಮಕ್ಕಳ ಸಾವನ್ನು? ಯಶವಂತನ ಬಳಿಕ ಹುಟ್ಟಿದ ಗಂಗಾಧರ, ರಮೇಶ, ಇಂದು, ರಾಜರತ್ನ, ನಾಲ್ಕು ಮಕ್ಕಳೂ ಉಳಿಯಲಿಲ್ಲ. ಮೂರು ಗಂಡು, ಒಂದು ಹೆಣ್ಣು. ಒಂದು ಮಗುವಿನ ಶವಕ್ಕೆ ಹೊದಿಸಲು ಹೊಸ ಬಟ್ಟೆ ತರುವ ದುಡ್ಡಿಲ್ಲದೆ ತಾಯಿ ತನ್ನ ಸೀರೆಯ ಸೆರಗನ್ನೇ ಹರಿದು ಕೊಟ್ಟಳು ಎನ್ನುತ್ತಾರೆ. ಕೊನೆಯವನು ರಾಜರತ್ನ ತೀರಿಕೊಂಡದ್ದು 1926ರ ಜುಲೈಯಲ್ಲಿ. ಆ ಸಾವಿನ ನಂತರ ಬಾಬಾಸಾಹೇಬರು ಸ್ನೇಹಿತರೊಬ್ಬರಿಗೆ ಪತ್ರ ಬರೆದು, ತಾನೂ ಹೆಂಡತಿಯೂ ಈ ಪೆಟ್ಟಿನಿಂದ ಚೇತರಿಸಿಕೊಳ್ಳುವುದು ಕಷ್ಟವೆಂದೂ ಬದುಕಿನ ರುಚಿಯೇ ಹೋಯಿತೆಂದೂ ತೋಡಿಕೊಂಡರು. ಅಂಥ ಗಟ್ಟಿ ಮನುಷ್ಯನೇ ಹಾಗೆ ಕುಸಿದಿದ್ದರು. ರಮಾಬಾಯಿ ಯಾರಿಗೆ ಪತ್ರ ಬರೆಯಬೇಕಿತ್ತು?

ಬಂಧುಗಳೇ, ಇಲ್ಲಿ ನಮಗೆಲ್ಲ ಕಿಸಾ ಗೋತಮಿಯ ನೆನಪಾಗುತ್ತದೆ. ಸತ್ತ ಕೂಸನ್ನು ಎತ್ತಿಕೊಂಡು ಭಗವಾನರ ಬಳಿ ಬಂದವಳು. ಸಾವಿಲ್ಲದ ಮನೆಯಿಂದ ಒಂದು ಹಿಡಿ ಸಾಸಿವೆ ತಾ ಎಂದು ಭಗವಾನರು ಅವಳನ್ನು ಕಳಿಸಿದರು. ಸಾಸಿವೆ ಎಲ್ಲ ಮನೆಯಲ್ಲೂ ಇತ್ತು, ಸಾವು ಕಾಣದ ಮನೆ ಇರಲಿಲ್ಲ. ಈ ಕಥೆಯನ್ನು ಎಷ್ಟೋ ಸಲ ಮಕ್ಕಳಿಗೆ ಪಾಠ ಮಾಡಿದ್ದೇನೆ. ಆದರೆ ರಮಾಬಾಯಿಯವರ ಜೊತೆ ಇಟ್ಟು ನೋಡಿದಾಗ ಇನ್ನೊಂದು ಅಂಶ ಕಂಡಿತು. ಭಗವಾನರು ಅವಳನ್ನು ಕಾಡಿಗೆ ಕಳಿಸಲಿಲ್ಲ, ಗುಹೆಗೆ ಕಳಿಸಲಿಲ್ಲ. ಮನೆ ಮನೆಗೆ ಕಳಿಸಿದರು. ಇನ್ನೊಬ್ಬರ ಹೊಸ್ತಿಲಲ್ಲಿ ನಿಂತು, ಅವರ ದುಃಖ ಕೇಳಿಸಿಕೊಂಡು ಬರಲು ಕಳಿಸಿದರು. ಅವಳ ಮನಸ್ಸು ತಿಳಿಯಾದದ್ದು ಆ ನಡಿಗೆಯಲ್ಲಿ.

ರಮಾಬಾಯಿಯವರ ಅಂಥ ನಡಿಗೆ ನಮ್ಮ ಕರ್ನಾಟಕದಲ್ಲೇ ನಡೆಯಿತು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಬಾಬಾಸಾಹೇಬರು 1928ರಲ್ಲಿ ದಲಿತ ವರ್ಗಗಳ ಶಿಕ್ಷಣ ಸಂಘವನ್ನು ಕಟ್ಟಿ, ಮುಂಬೈ ಪ್ರಾಂತ್ಯದ ಕೆಲವು ಊರುಗಳಲ್ಲಿ ನಮ್ಮ ಮಕ್ಕಳಿಗೆ ವಸತಿನಿಲಯ ತೆರೆಸಿದರು. ಧಾರವಾಡ ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿಯೂ ಒಂದು ವಸತಿನಿಲಯ ಆಯಿತು. ಅದನ್ನು ನೋಡಿಕೊಳ್ಳುತ್ತಿದ್ದವರು ಬಾಬಾಸಾಹೇಬರ ಆಪ್ತರಾದ ಬಲವಂತರಾವ್ ವರಾಳೆ. ರಮಾಬಾಯಿಯವರ ಆರೋಗ್ಯ ಕೆಟ್ಟಿತ್ತು. ಹವಾ ಬದಲಾವಣೆಗೆಂದು ಅವರನ್ನು ಧಾರವಾಡಕ್ಕೆ, ವರಾಳೆಯವರ ಮನೆಗೆ ಕಳಿಸಿದ್ದರು.

ನಮ್ಮವರು ಹೇಳುವ ಪ್ರಕಾರ ನಡೆದದ್ದು ಹೀಗೆ. ವಸತಿನಿಲಯದ ಮಕ್ಕಳು ದಿನಾ ಅಂಗಳದಲ್ಲಿ ಆಡುತ್ತಿದ್ದರು. ನಾಲ್ಕು ಮಕ್ಕಳನ್ನು ಮಣ್ಣಿಗಿಟ್ಟ ತಾಯಿ ಕೂತು ನೋಡುತ್ತಿದ್ದರು. ಒಂದು ದಿನ ಅಂಗಳದಲ್ಲಿ ಮಕ್ಕಳಿಲ್ಲ. ಮಾರನೆಯ ದಿನವೂ ಸದ್ದಿಲ್ಲ. ವಿಚಾರಿಸಿದಾಗ ಗೊತ್ತಾಯಿತು, ಊಟಕ್ಕೆ ಬರಬೇಕಾದ ಅನುದಾನ ಬಂದಿಲ್ಲ, ದಿನಸಿ ಮುಗಿದಿದೆ, ಮಕ್ಕಳು ಹಸಿದು ಮಲಗಿದ್ದಾರೆ. ರಮಾಬಾಯಿ ಒಳಗೆ ಹೋದರು. ಕೈಯಲ್ಲಿದ್ದ ಚಿನ್ನದ ಬಳೆ ತೆಗೆದರು. ವರಾಳೆಯವರ ಕೈಗಿಟ್ಟು, ಅಡವಿಡಿ, ಇಲ್ಲವೇ ಮಾರಿ, ಮೊದಲು ಅಕ್ಕಿ ಬೇಳೆ ತನ್ನಿ ಅಂದರು. ದಿನಸಿ ಬಂತು. ತಾವೇ ಒಲೆ ಮುಂದೆ ಕೂತು ಬೇಯಿಸಿ ಬಡಿಸಿದರು. ಮಕ್ಕಳು ಅವರನ್ನು ತಾಯಿ ಎಂದು ಕರೆದರು. ಆಯಿ ಅಂದರೆ ಮರಾಠಿಯಲ್ಲಿ ತಾಯಿ. ಇವತ್ತು ನಾವು ರಮಾಯಿ ಎನ್ನುವ ಆ ಹೆಸರಿನಲ್ಲಿ ಆ ಮಕ್ಕಳ ಹೊಟ್ಟೆ ತುಂಬಿದ ಸಂತೋಷ ಇದೆ.

ಇಷ್ಟು ಹೇಳಿ ನಿಲ್ಲಿಸಿದಾಗ ಅವ್ವನ ಕೈ ತಾನಾಗಿ ಅವಳ ಕಿವಿಗೆ ಹೋಗಿತ್ತು. ಅಲ್ಲಿ ಈಗ ಇರುವುದು ಸಾದಾ ಓಲೆ. ನಾನು ಬಿ.ಎಡ್‌ಗೆ ಸೇರುವ ವರ್ಷ ಅವಳ ಚಿನ್ನದ ಓಲೆ ಮದ್ದೂರಿನಲ್ಲಿ ಅಡವಿಗೆ ಹೋಗಿತ್ತು. ಬಿಡಿಸಿಕೊಡುತ್ತೇನೆ ಅಂದಿದ್ದೆ. ಬಡ್ಡಿ ಬೆಳೆದು ಅದು ಮುಳುಗಿ ಹೋಯಿತು. ಕೆಲಸ ಸಿಕ್ಕ ಮೇಲೆ ಮನೆ ಕಟ್ಟಿದೆ, ಬೈಕು ತೆಗೆದುಕೊಂಡೆ. ಓಲೆಯ ವಿಷಯ ಮರೆತೇ ಹೋಗಿತ್ತು. ಅವ್ವ ಒಂದು ದಿನವೂ ನೆನಪಿಸಿರಲಿಲ್ಲ. ಅವತ್ತೂ ನೆನಪಿಸಲಿಲ್ಲ. ಕೈ ಕಿವಿಗೆ ಹೋಯಿತು, ಮತ್ತೆ ಸೊಪ್ಪಿಗೆ ಬಂತು.

ನಾನು ಮಾತು ಬದಲಿಸಲು ಮುಂದಿನ ಟಿಪ್ಪಣಿ ತೆಗೆದೆ. ಅದು ಪಂಢರಪುರದ್ದು.

ರಮಾಬಾಯಿ ಭಕ್ತೆ. ಉಪವಾಸ, ವ್ರತ ಮಾಡುತ್ತಿದ್ದವರು. ಅವರಿಗೆ ಒಮ್ಮೆಯಾದರೂ ಪಂಢರಪುರಕ್ಕೆ ಹೋಗಿ ವಿಠ್ಠಲನನ್ನು ನೋಡಬೇಕೆಂಬ ಆಸೆ. ಗಂಡನಲ್ಲಿ ಹಲವು ಸಲ ಕೇಳಿಕೊಂಡರು. ಬಾಬಾಸಾಹೇಬರು ಒಪ್ಪಲಿಲ್ಲ. ಅಲ್ಲಿ ನಮ್ಮ ಜನರನ್ನು ಗುಡಿಯೊಳಗೆ ಬಿಡುತ್ತಿರಲಿಲ್ಲ. ಸಂತ ಚೋಖಾಮೇಳರ ಸಮಾಧಿಯೂ ಮಹಾದ್ವಾರದ ಹೊರಗೇ ಇದೆ. ತನ್ನ ಹೆಂಡತಿ ಅಲ್ಲಿ ದೂರ ನಿಂತು ಕೈ ಮುಗಿದು ಬರುವುದನ್ನು ಅವರ ಸ್ವಾಭಿಮಾನ ಒಪ್ಪಲಿಲ್ಲ. ಭಕ್ತರನ್ನೇ ದೂರ ಇಡುವ ಪಂಢರಪುರ ನಮಗೆ ಬೇಡ, ಒಳ್ಳೆಯ ನಡತೆಯಿಂದ, ಜನರ ಸೇವೆಯಿಂದ ನಾವೇ ಇನ್ನೊಂದು ಪಂಢರಪುರ ಕಟ್ಟೋಣ ಎಂಬರ್ಥದಲ್ಲಿ ಸಮಾಧಾನ ಹೇಳಿದರು. ಆ ಗುಡಿಯ ಬಾಗಿಲು ನಮ್ಮವರಿಗೆ ತೆರೆದದ್ದು 1947ರಲ್ಲಿ, ಸಾನೆ ಗುರೂಜಿಯವರ ಉಪವಾಸದ ನಂತರ. ಅಷ್ಟರಲ್ಲಿ ರಮಾಬಾಯಿ ತೀರಿಕೊಂಡು 12 ವರ್ಷವಾಗಿತ್ತು.

ಬಾಬಾಸಾಹೇಬರು ದಾದರಿನಲ್ಲಿ ಮನೆ ಕಟ್ಟಿಸಿದರು. ಹೆಸರು ರಾಜಗೃಹ. ಭಗವಾನ್ ಬುದ್ಧರು ನಡೆದಾಡಿದ, ಬಿಂಬಿಸಾರ ಆಳಿದ ಮಗಧದ ರಾಜಧಾನಿಯ ಹೆಸರು. ಪುಸ್ತಕಗಳಿಗಾಗಿಯೇ ಕಟ್ಟಿದಂಥ ಮನೆ. ಎರಡು ಕೋಣೆಯ ಚಾಳಿನಲ್ಲಿ ಸವೆದ ಜೀವಕ್ಕೆ ಅಲ್ಲಿ ಬಹಳ ಕಾಲ ಇರಲು ಆಗಲಿಲ್ಲ. ತಿಂಗಳುಗಟ್ಟಲೆ ಹಾಸಿಗೆ ಹಿಡಿದು, 1935ರ ಮೇ 27ರಂದು ರಮಾಬಾಯಿ ಅದೇ ರಾಜಗೃಹದಲ್ಲಿ ಕೊನೆಯುಸಿರೆಳೆದರು. ವಯಸ್ಸು 37. ಸಾವಿರಾರು ಜನ ಹಿಂದೆ ನಡೆದರು. ಬಾಬಾಸಾಹೇಬರು ತಲೆ ಬೋಳಿಸಿಕೊಂಡು, ಕಾವಿ ತೊಟ್ಟು, ಕೋಣೆಯೊಳಗೆ ಒಬ್ಬರೇ ಕೂತು ಮಗುವಿನಂತೆ ಅತ್ತರು. ಮುಂದೆ ಪಾಕಿಸ್ತಾನದ ಪ್ರಶ್ನೆಯ ಕುರಿತು ಬರೆದ ದೊಡ್ಡ ಗ್ರಂಥವನ್ನು ರಾಮುವಿನ ನೆನಪಿಗೆ ಅರ್ಪಿಸಿದರು. ಅವಳ ಒಳ್ಳೆಯತನವನ್ನೂ, ಯಾರೂ ಜೊತೆಗಿಲ್ಲದ ಕಷ್ಟದ ದಿನಗಳಲ್ಲಿ ತನ್ನೊಡನೆ ನಿಂತ ಗಟ್ಟಿತನವನ್ನೂ ಅಲ್ಲಿ ಕೃತಜ್ಞತೆಯಿಂದ ನೆನೆದರು. ಮನೆಯಲ್ಲಿ ಕರೆಯುವ ಹೆಸರೇ ಗ್ರಂಥದ ಮೊದಲಿಗೆ ಬಂತು.

ಅವರು ಹೋಗಿ ಐದು ತಿಂಗಳು ತುಂಬುವ ಮುಂಚೆ, ಅಕ್ಟೋಬರ್ 13ರಂದು, ಯೇವಲೆಯಲ್ಲಿ ಬಾಬಾಸಾಹೇಬರು ತಾನು ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದರು. ಅದಾಗಿ 21 ವರ್ಷಕ್ಕೆ, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಧಮ್ಮ ದೀಕ್ಷೆ ಪಡೆದರು.

ಇಲ್ಲಿಗೆ ನನ್ನ ಟಿಪ್ಪಣಿ ಮುಗಿದಿತ್ತು. ಅವ್ವ ಒಂದು ಪ್ರಶ್ನೆ ಕೇಳಿದಳು. ಹಾಗಾದರೆ ಆ ತಾಯಿ ದೀಕ್ಷೆ ತೆಗೆದುಕೊಳ್ಳಲೇ ಇಲ್ಲವಲ್ಲ, ನೀವು ಯಾಕೆ ಅವಳ ಫೋಟೊಗೆ ಹೂವು ಹಾಕುತ್ತೀರಿ?

ನಲವತ್ತು ದಾಟಿದ ಮೇಷ್ಟ್ರು ನಾನು. ಕನ್ನಡ ಎಂ.ಎ. ಮಾಡಿದ್ದೇನೆ. ಉತ್ತರ ಬಾಯಿಗೆ ಬರಲಿಲ್ಲ.

ಅವ್ವ ತಾನೇ ಮುಂದುವರಿಸಿದಳು. ತನ್ನ ತವರೂರಿನಲ್ಲಿ ಹಬ್ಬದ ದಿನ ನಮ್ಮವರು ಗುಡಿಯಿಂದ ದೂರ, ಹುಣಸೆ ಮರದ ಕೆಳಗೆ ನಿಲ್ಲಬೇಕಿತ್ತಂತೆ. ತೀರ್ಥವನ್ನು ಮೇಲಿನಿಂದ ಬಿಡುತ್ತಿದ್ದರಂತೆ, ಅರ್ಧ ಅಂಗೈಗೆ, ಅರ್ಧ ನೆಲಕ್ಕೆ. ಮದುವೆಯಾಗಿ ಬಂದ ಮೇಲೆ ಮಾದಪ್ಪನ ಫೋಟೊ ತಂದು ಅಡುಗೆ ಮನೆಯಲ್ಲಿಟ್ಟಳಂತೆ. ತನ್ನ ಅಡುಗೆ ಮನೆಯಲ್ಲಿ ತನ್ನನ್ನು ದೂರ ನಿಲ್ಲು ಅನ್ನುವವರು ಯಾರೂ ಇಲ್ಲವಲ್ಲ ಎಂದು. ಆಮೇಲೆ ಸೊಪ್ಪಿನ ಮೊರ ಎತ್ತಿಕೊಂಡು, ನೀನು ಅಂದೆ ಅಂದುಬಿಟ್ಟು ಒಳಗೆ ಹೋದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಬಾಬಾಸಾಹೇಬರು ಹೆಂಡತಿಯನ್ನು ಪಂಢರಪುರಕ್ಕೆ ಕರೆದೊಯ್ಯಲಿಲ್ಲ, ನಿಜ. ಅದು ಅವಳನ್ನು ಹೊರಗೆ ನಿಲ್ಲಿಸುವವರ ವಿರುದ್ಧ. ನಾನು ಮಾಡಿದ್ದೇನು? ಅವ್ವನನ್ನು ಹೊರಗೆ ನಿಲ್ಲಿಸಿದವರ ಸಾಲಿಗೆ ನಾನೂ ಸೇರಿಕೊಂಡಿದ್ದೆ. ಕಾರಣ ಬೇರೆ, ಅಷ್ಟೇ. ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಮುಂದೆ, ದೀಕ್ಷೆ ಬೇಕೆನ್ನುವವರು ಎದ್ದು ನಿಲ್ಲಿ ಎಂದು ಕೇಳಿದ್ದರು. ಕುತ್ತಿಗೆ ಹಿಡಿದು ಎಬ್ಬಿಸಿರಲಿಲ್ಲ. 22 ಪ್ರತಿಜ್ಞೆ ಮಾಡಿದವನು ನಾನು. ಅವು ನನ್ನನ್ನು ಕಟ್ಟುತ್ತವೆ. ಮಾಡದ ಅವ್ವನ ಕೈಯನ್ನು ಅವುಗಳಿಂದ ಕಟ್ಟಲು ನಾನು ಯಾರು? ಎಲ್ಲ ಜೀವಿಗಳಲ್ಲಿ ದಯೆ ಇಡುತ್ತೇನೆ ಎಂಬುದೂ ಅದೇ ಪ್ರತಿಜ್ಞೆಗಳಲ್ಲಿ ಒಂದು. ಅದನ್ನು ನಾನು ಓದಿದ್ದೆ, ಗಟ್ಟಿಯಾಗಿಯೇ ಓದಿದ್ದೆ.

ಬೆಳಗಿನ ಜಾವ ಎದ್ದು ಅಟ್ಟದಿಂದ ಗೋಣಿಚೀಲ ಇಳಿಸಿದೆ. ಫೋಟೊದ ಗಾಜು ಒಂದು ಕಡೆ ಸೀಳಿತ್ತು. ಒರೆಸಿ ಅವ್ವನ ಮುಂದೆ ಇಟ್ಟೆ. ತಪ್ಪಾಯಿತು ಅನ್ನಲು ನಾಲಿಗೆ ತೊದಲಿತು, ಆದರೂ ಅಂದೆ. ಅವ್ವ ಫೋಟೊಗಳನ್ನು ತಾನು ಮಲಗುವ ಕೋಣೆಯ ಮೊಳೆಗೆ ಹಾಕಿಕೊಂಡಳು. ಹಜಾರದಲ್ಲಿ ಭಗವಾನ್ ಬುದ್ಧರು, ಬಾಬಾಸಾಹೇಬರು, ರಮಾಯಿ. ಅವ್ವನ ಕೋಣೆಯಲ್ಲಿ ಅವ್ವನ ದೀಪ. ಒಂದೇ ಸೂರು.

ಇದನ್ನು ಬಳಗದಲ್ಲಿ ಹೇಳಿದಾಗ ಒಬ್ಬ ಹಿರಿಯರು ಒಪ್ಪಲಿಲ್ಲ. ಇವತ್ತು ಕೋಣೆಗೆ ಬಿಟ್ಟರೆ ನಾಳೆ ಹಜಾರಕ್ಕೆ ಬರುತ್ತದೆ, ಹೀಗೇ ಜಾರುತ್ತಾ ನಮ್ಮ ಜನ ಹಿಂದಕ್ಕೆ ಹೋಗುತ್ತಾರೆ ಎಂದರು. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆ ಭಯಕ್ಕೆ ಕಾರಣವಿದೆ. ನಾನು ನನ್ನ ಪ್ರತಿಜ್ಞೆಯಿಂದ ಒಂದು ಹೆಜ್ಜೆಯೂ ಹಿಂದೆ ಸರಿದಿಲ್ಲ, ಸರಿಯುವುದೂ ಇಲ್ಲ. ಮಗಳಿಗೆ ದಿನಾ ಪಂಚಶೀಲ ಹೇಳಿಕೊಡುತ್ತೇನೆ. ಆದರೆ ಧಮ್ಮ ಅವ್ವನಿಗೆ ತಲುಪಬೇಕಾದರೆ ಅದು ನನ್ನ ನಡತೆಯ ಮೂಲಕ ತಲುಪಬೇಕು. ಅಟ್ಟದ ಮೂಲಕ ಅಲ್ಲ.

ಇನ್ನೊಂದು ಎಚ್ಚರವನ್ನೂ ಹೇಳಬೇಕು. ರಮಾಯಿಯನ್ನು ನಾವು ತ್ಯಾಗಮೂರ್ತಿ ಎನ್ನುತ್ತೇವೆ. ಆ ಮಾತನ್ನು ಗಂಡಸರು ಬಹಳ ಸುಲಭವಾಗಿ ಆಡುತ್ತೇವೆ. ಹಸಿವು, ಹರಿದ ಸೀರೆ, ಔಷಧಿಯಿಲ್ಲದೆ ಸಾಯುವ ಕೂಸು, ಇವು ಯಾವ ಹೆಣ್ಣಿಗೂ ಆದರ್ಶವಲ್ಲ. ಇವು ಹಿಂದಿನ ಜನ್ಮದ ಕರ್ಮದ ಫಲವೂ ಅಲ್ಲ. ಮನುಷ್ಯರು ಮನುಷ್ಯರಿಗೆ ಮಾಡಿದ ಅನ್ಯಾಯ. ಇಂಥ ದುಃಖ ಈ ಲೋಕದಲ್ಲೇ ಕೊನೆಯಾಗಬೇಕು ಎಂದೇ ಬಾಬಾಸಾಹೇಬರು ಧಮ್ಮದ ದಾರಿ ಹಿಡಿದದ್ದು. ನಮ್ಮ ಮನೆಯ ಹೆಣ್ಣುಮಕ್ಕಳು ಸುಮ್ಮನೆ ಸಹಿಸಿಕೊಂಡು ಇರಲಿ ಎಂದು ರಮಾಯಿಯ ಕಥೆ ಹೇಳಿದರೆ ಅದು ರಮಾಯಿಗೆ ಮಾಡುವ ದ್ರೋಹ. ಅವರಿಂದ ಕಲಿಯಬೇಕಾದ್ದು ಧಾರವಾಡದ ಅಂಗಳದಲ್ಲಿದೆ. ತನ್ನ ದುಃಖ ಬೆಟ್ಟದಷ್ಟಿದ್ದರೂ ಪಕ್ಕದ ಮಕ್ಕಳ ಸದ್ದಡಗಿದ್ದನ್ನು ಅವರು ಗಮನಿಸಿದರು. ಗಮನಿಸಿ ಸುಮ್ಮನಿರಲಿಲ್ಲ, ಕೈಯಿಂದ ಬಳೆ ತೆಗೆದರು. ನಾವು ಸತಿ ಎನ್ನುವ ಎಚ್ಚರ ಅದೇ, ದಾನ ಎನ್ನುವುದೂ ಅದೇ. ಆ ಹೊತ್ತಿಗೆ ಅವರು ಒಂದು ಪಾಳಿ ಪದವನ್ನೂ ಕಲಿತಿರಲಿಕ್ಕಿಲ್ಲ.

ಅವ್ವನ ಪ್ರಶ್ನೆಗೆ ಈಗ ನನ್ನ ಉತ್ತರ ಇದು. ದೀಕ್ಷೆ ತೆಗೆದುಕೊಳ್ಳದ ರಮಾಯಿಗೆ ನಾವು ಯಾಕೆ ಹೂವು ಹಾಕುತ್ತೇವೆ? ನಾವು ದೀಕ್ಷೆ ಪಡೆದು ಕಲಿಯಲು ಹೆಣಗುತ್ತಿರುವುದನ್ನು ಅವರು ಒಲೆ ಮುಂದೆ ಕೂತು ಮಾಡಿದ್ದರು. ಅದಕ್ಕೆ.

ಈಗ ನನ್ನ ದಿನಚರಿಯಲ್ಲಿ ಒಂದು ಬದಲಾವಣೆ ಆಗಿದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕುವ ಕೆಲಸ ನನ್ನದು. ಅವ್ವನ ಮಂಡಿ ನೋವಿಗೆ ಆ ನಡಿಗೆ ಆಗದು. ಮೊದಲು ಇದು ಕೆಳಮಟ್ಟದ ಕೆಲಸ, ಮೇಷ್ಟ್ರಿಗೆ ತಕ್ಕದ್ದಲ್ಲ ಎಂಬ ಬಿಂಕವಿತ್ತು. ಐದೂವರೆಗೆ ಎದ್ದು ಹಸುವಿನ ಕೆಚ್ಚಲು ತೊಳೆಯುತ್ತೇನೆ. ಕರೆಯುವುದು ಅವ್ವನೇ, ನನ್ನ ಕೈಗೆ ಹಸು ಇನ್ನೂ ಒಗ್ಗಿಲ್ಲ. ಕ್ಯಾನು ಹಿಡಿದು ಹೋಗಿ ಸಾಲಿನಲ್ಲಿ ನಿಲ್ಲುತ್ತೇನೆ. ಮುಂದೆ ನಿಂತವರು ಯಾವ ಜಾತಿ, ಹಿಂದೆ ನಿಂತವರು ಯಾವ ಜಾತಿ, ಅಳತೆಯ ಪಾತ್ರೆಗೆ ಬಿದ್ದ ಮೇಲೆ ಎಲ್ಲರ ಹಾಲೂ ಒಂದೇ. ನಮ್ಮೂರ ಹೆದ್ದಾರಿ ಪಕ್ಕದ ದೊಡ್ಡ ಡೇರಿಗೆ ಜಿಲ್ಲೆಯ ಎಷ್ಟೋ ಹಳ್ಳಿಗಳಿಂದ ಹಾಗೇ ಬಂದು ಬೆರೆಯುತ್ತದೆ. ವಾಪಸು ಬರುವಾಗ ಖಾಲಿ ಕ್ಯಾನಿನ ಹಿಡಿ ಕಿಣಿಕಿಣಿ ಅನ್ನುತ್ತದೆ. ಗದ್ದೆಯ ಮೇಲಿನ ಗಾಳಿಗೆ ಕಬ್ಬಿನ ಗರಿ ಸರಿಯುತ್ತದೆ. ಶಿಬಿರದಲ್ಲಿ ಹುಡುಕಿ ತಂದು ಹತ್ತು ನಿಮಿಷದಲ್ಲಿ ಕಳೆದುಕೊಂಡ ಶಾಂತಿ ಆ ದಾರಿಯಲ್ಲಿ ದಿನಾ ಸ್ವಲ್ಪ ಸ್ವಲ್ಪ ಸಿಗುತ್ತಿದೆ. ಧ್ಯಾನವನ್ನು ಬಿಟ್ಟಿಲ್ಲ. ಧ್ಯಾನದ ಪರೀಕ್ಷೆ ಎಲ್ಲಿ ನಡೆಯುತ್ತದೆ ಎಂಬುದು ಮಾತ್ರ ಗೊತ್ತಾಗಿದೆ.

ಸಂಜೆ ನಾವು ಮನೆಯವರೆಲ್ಲ ವಂದನೆಗೆ ಕೂತಾಗ ಅವ್ವ ಹಿಂದೆ ಗೋಡೆಗೊರಗಿ ಕೂತಿರುತ್ತಾಳೆ. ಕೈಯಲ್ಲಿ ಅವರೆಕಾಯಿಯೋ ಸೊಪ್ಪೋ ಇರುತ್ತದೆ. ತ್ರಿಸರಣ ಹೇಳುವಾಗ ಸೊಪ್ಪು ಬಿಡಿಸುವ ಸದ್ದು ನಿಲ್ಲುತ್ತದೆ. ಅವಳು ದೀಕ್ಷೆ ತೆಗೆದುಕೊಂಡಿಲ್ಲ. ನಾನು ಕೇಳಿಲ್ಲ.

ಓಲೆಯ ವಿಷಯ ಹೇಳುವುದು ಮರೆತೆ. ಹೋದ ದೀಪಾವಳಿ ಬೋನಸ್ಸಿನ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ಜೊತೆ ಓಲೆ ತಂದುಕೊಟ್ಟೆ. ಅವ್ವ ಎರಡು ದಿನ ಹಾಕಿಕೊಂಡಳು. ಆಮೇಲೆ ಬಿಚ್ಚಿ ನನ್ನ ಮಗಳ ಕಾಲೇಜಿಗೆ ಬೇಕಾಗುತ್ತದೆ ಎಂದು ಪೆಟ್ಟಿಗೆಯಲ್ಲಿಟ್ಟಳು. ಈ ಸಲ ಅಡವಿಗೆ ಹೋಗಲು ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೇನೆ.

*ಇಂದಿನ ಅಭ್ಯಾಸ:* ಇವತ್ತು ನಿಮ್ಮ ಮನೆಯಲ್ಲಿ, ಕೇರಿಯಲ್ಲಿ, ಶಾಲೆಯಲ್ಲಿ ಯಾರ ಸದ್ದು ಅಡಗಿದೆ, ಒಮ್ಮೆ ಕಿವಿಗೊಟ್ಟು ನೋಡಿ. ಯಾಕೆ ಎಂದು ಕೇಳಿ. ಕೈಲಾದದ್ದು ಮಾಡಿ. ಸಂಜೆ ರಮಾಯಿಯ ಚಿತ್ರಕ್ಕೆ ಹೂವಿಡುವ ಮುಂಚೆ ಮನೆಯ ತಾಯಿಗೆ ಒಂದು ಲೋಟ ಟೀ ಮಾಡಿ ಕೊಡಿ.

ತಾಯಿ ರಮಾಬಾಯಿಯವರಿಗೆ ನಮನಗಳು.

ಭವತು ಸಬ್ಬ ಮಂಗಳಂ.
ನಮೋ ಬುದ್ಧಾಯ. ಜೈ ಭೀಮ್.